ಬಳಚಿನಕುರ್ವೆಗೆ ಬುತ್ತಿ ಬೇಡ

ಕಡಲೇರಿಕೆಯ ತೊಂಬತ್ತೊಂದನೇ ವರ್ಷ, ಎರಡನೇ ಮಳೆಗಾಲ ಮುಗಿದ ಎಂಟನೇ ದಿನ.
ನಿಮ್ಮ ಲೆಕ್ಕದಲ್ಲಿ ೨೨೧೪ನೇ ಇಸವಿ, ಫೆಬ್ರವರಿ ಮೂವತ್ತು.
ಗದಗ.

ಅನ್ನಪೂರ್ಣಜ್ಜಿಗೆ ನಿಮ್ಮ ಏಳನೇ ತಲೆಮಾರಿನ ಮೊಮ್ಮಗಳು ನೀಲಗಂಗಾ ಅರಿಷಿಣದ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಹೌಹಾರಬೇಡಿ. ಫೆಬ್ರವರಿಗೆ ಎರಡು ದಿನ ಸೇರಿಸಿದವಳು ನಾನಲ್ಲ, ಕ್ಯಾಲೆಂಡರ್ ತಿದ್ದಿದ ಪುಣ್ಯಾತ್ಮರು. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಶಾಲಾ ಪುಸ್ತಕ ಓದಿ ಕಲಿತಿದ್ದೇನೆ. ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಿಂದ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಕಳಿಸುವ ಕಚೇರಿ. ಒಬ್ಬೊಬ್ಬರಿಗೆ ಇಡೀ ಜನ್ಮಕ್ಕೆ ಒಂದೇ ಕಾಗದ. ನಮ್ಮ ಓಣಿಯ ಜನ ಇಂಥ ಕಡೆ ಹೊಲ ಹಿಡಿದಿಡಿ, ಇಂಥವನಿಗೆ ಮಗಳನ್ನು ಕೊಡಬೇಡಿ ಎಂದು ಬರೆದು ಅದನ್ನು ಮುಗಿಸಿಕೊಂಡಿದ್ದಾರೆ. ನಾನು ಅರವತ್ತೊಂದು ವರ್ಷ ಕಾದಿಟ್ಟುಕೊಂಡಿದ್ದೆ. ಇವತ್ತು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಒಂದು ನೋಟ್‌ಬುಕ್ಕು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಮೇಲೆ ನಿಮ್ಮ ಶಾಲೆಯ ಹೆಸರು, ಒಳಗೆ ಐದನೇ ಇಯತ್ತೆಯ ಮಕ್ಕಳ ಹಾಜರಿ, ಅದಾದ ಮೇಲೆ ಒಂದು ಪುಟದ ನೆತ್ತಿಯಲ್ಲಿ ‘ಬಳಚಿನಕುರ್ವೆ ಪ್ರವಾಸ’. ನದಿ ಸಮುದ್ರ ಸೇರುವಲ್ಲಿರುವ ಆ ಪುಟ್ಟ ನಡುಗಡ್ಡೆಯ ಊರಿಗೆ ಹೋಗಬೇಕೆಂದು ನಿಮಗೆ ಯಾಕೆ ಅನ್ನಿಸಿತೋ, ನೀವು ಬರೆದಿಲ್ಲ. ಮೊದಲ ತಾರೀಕಿಗೆ ಗೀಟು ಹೊಡೆದು ‘ರಜೆ ಸಿಗಲಿಲ್ಲ’ ಎಂದಿದ್ದೀರಿ. ಎರಡನೆಯದಕ್ಕೆ ಗೀಟು ಹೊಡೆದು ‘ನಾದಿನಿ ಬಂದಳು’ ಎಂದಿದ್ದೀರಿ. ಮೂರನೆಯದರ ಮುಂದೆ ‘ಗುರುವಾರ, ಏನೇ ಆಗಲಿ’ ಎಂದಿದೆ. ಕುಮಟಾ ತನಕ ಬಸ್ಸು, ಅಲ್ಲಿಂದ ಟೆಂಪೋ, ಆಮೇಲೆ ದೋಣಿ. ದೋಣಿಯ ಪಕ್ಕದಲ್ಲಿ ‘ಅಂಜಿಕಿ!’ ಎಂದು ಬರೆದದ್ದನ್ನು ನೋಡಿ ನನಗೆ ನಗು ಬಂತು. ಟಾರ್ಚು, ಛತ್ರಿ, ಸೊಳ್ಳೆ ಬತ್ತಿ ಎಲ್ಲ ಸರಿಯಾಗಿದೆ. ಮುಂದಿನ ಸಾಲನ್ನು ಮಾತ್ರ ಎರಡೆರಡು ಸಲ ಓದಿದೆ. ‘ಬುತ್ತಿ: ಕಡಕ್ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಅಲ್ಲೆ ಯಾರ ಮನ್ಯಾಗೂ ಏನೂ ತಿನ್ನೂದು ಬ್ಯಾಡ.’ ಅದರ ಕೆಳಗೆ ಎರಡು ಗೆರೆ. ಆಮೇಲಿನ ಪುಟಗಳು ಗೆದ್ದಲಿನ ಪಾಲಾಗಿವೆ, ನೀವು ಹೋದಿರೋ ಇಲ್ಲವೋ ಗೊತ್ತಾಗುವ ಬಗೆಯಿಲ್ಲ.

ನನಗದು ಗೊತ್ತಾಗಲೇಬೇಕಿತ್ತು. ಯಾಕೆಂದರೆ ನಾನೂ ಅದೇ ಊರಿಗೆ ಹೊರಟಿದ್ದೇನೆ. ನನ್ನ ಒಬ್ಬಳೇ ಮಗಳು ಚಂಪಾ ಅಲ್ಲಿದ್ದಾಳೆ. ಕಗ್ಗದ ಅಕ್ಕಿ, ಅಂದರೆ ಉಪ್ಪುನೀರಲ್ಲೂ ಬೆಳೆಯುವ ಭತ್ತದ ಕೆಂಪಕ್ಕಿ, ಮಾರಲು ಗದಗಿಗೆ ಬಂದಿದ್ದ ಸುಕ್ರು ಎಂಬ ಹುಡುಗನನ್ನು ಮೆಚ್ಚಿದಳು. ಮದುವೆ ಇಲ್ಲೇ ನಮ್ಮ ಅಂಗಳದಲ್ಲಿ ಆಯಿತು. ಹೋದ ವರ್ಷದ ಮೊದಲ ಬಸಿರು ಕೈಗೆ ಹತ್ತಲಿಲ್ಲ. ಆಗ ನಾನು ಅವಳ ಹತ್ತಿರ ಇರಲಿಲ್ಲ. ಹೋಗಲು ಆ ಊರಿನವರ ಒಪ್ಪಿಗೆ ಬರಲಿ ಎಂದು ಇಲ್ಲಿ ಕಾಯುತ್ತ ಕೂತಿದ್ದೆ, ಸುದ್ದಿಯೇ ಮೊದಲು ಬಂತು. ಈಗ ಮತ್ತೆ ದಿನ ತುಂಬುತ್ತಿವೆ. ಮೊನ್ನೆ ಅವಳ ದನಿಚೀಟಿ ಬಂತು. ದನಿಚೀಟಿ ಎಂದರೆ ಬೆರಳುಗುರಿನಷ್ಟು ಒಂದು ಬಿಲ್ಲೆ, ಕಿವಿಗೆ ಹಿಡಿದರೆ ಕಳಿಸಿದವರ ಮಾತು ಕೇಳಿಸುತ್ತದೆ. “ಅವ್ವಾ, ಈ ಸಲಾನೂ ನೀ ಬರದಿದ್ರ ನಾ ಹೆಂಗ ಮಾಡ್ಲಿ? ನನಗ ಭಾಳ ಅಂಜಿಕಿ ಆಗೈತಿ” ಎಂದಳು. ಅಂದೇ ಗಂಟು ಕಟ್ಟಲು ಕೂತೆ.

ಹೋಗುವುದಕ್ಕೇನು ಅಡ್ಡಿ ಎನ್ನುತ್ತೀರಿ. ಹೇಳುತ್ತೇನೆ. ನೀವು ಟೆಂಪೋ ಹತ್ತಬೇಕೆಂದಿರುವ ಕುಮಟಾ ಬಸ್ ಸ್ಟ್ಯಾಂಡಿನ ಮೇಲೆ ಈಗ ಎರಡಾಳು ನೀರು. ಕಡಲು ಏರಿದಾಗ ಕರಾವಳಿಯ ದೊಡ್ಡ ದೊಡ್ಡ ಪಟ್ಟಣಗಳೇ ಹೋದವು, ಬಳಚಿನಕುರ್ವೆ ಉಳಿಯಿತು. ಅಲ್ಲಿಯ ಹೆಂಗಸರು ಹೊಳೆಯ ಕೆಸರಲ್ಲಿ ಬಳಚು ಆಯುವವರು. ಬಳಚು ಎಂದರೆ ಚಿಪ್ಪಿನೊಳಗಿನ ಮೀನು, ಅದನ್ನು ತಿಂದುಳಿದ ಚಿಪ್ಪನ್ನು ತಲೆತಲಾಂತರದಿಂದ ದಂಡೆಗೆ ಸುರಿದೂ ಸುರಿದೂ ಊರನ್ನೇ ಎತ್ತರಿಸಿಕೊಂಡರು. ಆದರೆ ಅಲ್ಲಿರುವುದು ಒಂದೇ ಸಿಹಿನೀರಿನ ಬಾವಿ. ಇನ್ನೂರು ಜನಕ್ಕೆ ಸಾಕು, ಇನ್ನೂರ ಇಪ್ಪತ್ತಾದರೆ ಬಾವಿಗೆ ಉಪ್ಪು ಬರುತ್ತದೆ. ಮುಳುಗಿದ ಊರುಗಳ ಜನ ಸಾವಿರಗಟ್ಟಲೆ ಬಂದು ದಡಕ್ಕೆ ಮುಗಿಬಿದ್ದಾಗ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದರು. ಹಿಂದೆ ಯಾವ ಮನೆತನದವರು ತಮ್ಮಲ್ಲಿ ಬಂದು ಉಂಡಿದ್ದಾರೋ ಅವರಿಗೆ ಮಾತ್ರ ದಡ, ಬಾಕಿಯವರಿಗೆ ಇಲ್ಲ. ಸೊಸೆಯಾಗಿ ಬಂದವಳು ಊರಿನವಳಾಗುತ್ತಾಳೆ, ಅವಳ ತವರು ಮಾತ್ರ ಹೊರಗೇ ಉಳಿಯುತ್ತದೆ. ಕೇಳಿದ ದಿನ ಅವರನ್ನು ಬಾಯಿಗೆ ಬಂದಂತೆ ಬೈದಿದ್ದೆ, ಈಗ ಬೈಯುವುದಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಾವು ಹೇಳುತ್ತೇವೆ, ಅವರು ಉಂಡವರನ್ನೇ ನೆನಪಿಟ್ಟುಕೊಂಡಿದ್ದಾರೆ.

ಆ ನೆನಪು ಇರುವುದು ಹಲಗೆಗಳಲ್ಲಿ. ದೋಣಿ ಹಳೆಯದಾಗಿ ಒಡೆದಾಗ ಅದರ ಹಲಗೆಗಳನ್ನು ಅವರು ಒಲೆಗೆ ಹಾಕುವುದಿಲ್ಲ. ಊರಲ್ಲಿ ಉಂಡ ಅತಿಥಿಯ ಮನೆತನದ ಹೆಸರನ್ನು ಅದರ ಮೇಲೆ ಉಳಿಯಿಂದ ಕೆತ್ತಿ, ಹಲಗೆಯನ್ನು ಬಾವಿಕಟ್ಟೆಯ ಸುತ್ತ ನೆಟ್ಟಿದ್ದಾರೆ. ಬಹಳ ಹಳೆಯ ಹಲಗೆಗಳು ನಿಮ್ಮ ಕಾಲದವಂತೆ. ಆಗ ಅದು ಬರೀ ಪ್ರೀತಿಗೆ ಮಾಡುತ್ತಿದ್ದ ಕೆಲಸ, ಈಗ ಕಾನೂನು. ಉಪ್ಪುಗಾಳಿಗೆ ಅಕ್ಷರ ಸವೆದಿರುವುದರಿಂದ ಜಟ್ಟಕ್ಕ ಎಂಬ ಹಿರಿಯಳು ಬೆರಳಾಡಿಸಿ ಓದುತ್ತಾಳೆ, ಅದೂ ಬಂದವರ ಎದುರಿಗೇ. ಮೊದಲೇ ಹುಡುಕಿ ಹೇಳಿ ಎಂದು ಮಗಳ ಕೈಲಿ ಕೇಳಿಸಿದರೆ “ಬರ್ಲಿ ಮಾರಾಯ್ತಿ, ಬಂದ್ಮೇಲೆ ನೋಡ್ವ” ಎಂದಳಂತೆ. ಅಲ್ಲಿಗೆ ಮಾತು ಮುಗಿಯಿತು.

ಈಗ ನಿಮ್ಮ ಆ ಎರಡು ಗೆರೆಯ ವಿಷಯ. ನೀವು ಹೋದಿರಿ ಎಂದೇ ಇಟ್ಟುಕೊಳ್ಳೋಣ. ಇಪ್ಪತ್ತು ರೊಟ್ಟಿ ಕಟ್ಟಿಕೊಂಡು ಹೋದಿರಿ. ಆ ಊರಿನ ಯಾವಳೋ ತಾಯಿ “ಉಂಡ್ಕಂಡು ಹೋಗಿ” ಎಂದು ಬಾಗಿಲಲ್ಲಿ ನಿಂತಳು. ನೀವು ಸೆರಗು ಸರಿಮಾಡಿಕೊಂಡು, ಬುತ್ತಿ ತಂದಿದ್ದೇವೆ ಎಂದಿರಿ. ನಮ್ಮ ಸೀಮೆಯವರ ಹಣೆಬರಹವೇ ಇದು! ಚಂದ್ರಲೋಕಕ್ಕೆ ಹೋದರೂ ರೊಟ್ಟಿ ಗಂಟು ಬಿಡುವುದಿಲ್ಲ, ಇನ್ನೊಬ್ಬರಿಗೆ ತ್ರಾಸ ಯಾಕೆ ಎನ್ನುತ್ತೇವೆ. ಹೆಸರು ಅನ್ನಪೂರ್ಣ, ಇನ್ನೊಬ್ಬರ ಅನ್ನ ಮಾತ್ರ ಬೇಡ! ಬೇಡ ಎಂದವರ ಹೆಸರನ್ನು ಯಾವ ಉಳಿಯೂ ಕೆತ್ತುವುದಿಲ್ಲ ಅಜ್ಜಿ.

ನನ್ನ ಪ್ರವಾಸದ ತಯಾರಿಯನ್ನೂ ಕೇಳಿ, ನಿಮಗಿಂತ ನಾನೇನು ಕಡಿಮೆ ಅಲ್ಲ. ನಾಳೆ ನಸುಕಿಗೆ ಗಾಳಿಬಂಡಿ ಹತ್ತುತ್ತೇನೆ, ಹಳಿಯ ಮೇಲೆ ಹಾಯಿ ಕಟ್ಟಿಕೊಂಡು ಓಡುವ ಬಂಡಿ ಅದು. ಹತ್ತರಿಂದ ನಾಲ್ಕರವರೆಗೆ ನೆರಳುಗಂಟೆ. ಆಗ ಬಿಸಿಲಿಗೆ ಹೊರಬಿದ್ದರೆ ಚರ್ಮ ಸುಲಿಯುತ್ತದೆ, ಹಾಗಾಗಿ ಬಂಡಿ ಸುರಂಗದಲ್ಲಿ ನಿಲ್ಲುತ್ತದೆ. ಎರಡನೇ ದಿನ ಘಟ್ಟದ ತುದಿ, ಮೂರನೇ ದಿನ ಬುಟ್ಟಿಯಲ್ಲಿ ಕೂತು ಹಗ್ಗದ ಮೇಲೆ ಕೆಳಗಿಳಿಯುವುದು, ಆಮೇಲೆ ತೆಪ್ಪ. ಗುರುವಾರ ಹುಣ್ಣಿಮೆ. ಆ ದಿನದ ದೊಡ್ಡ ಉಬ್ಬರದಲ್ಲಿ ಮಾತ್ರ ನದಿ ಕಡಲು ಸೇರುವ ಅಳಿವೆಯ ಮರಳುದಿಬ್ಬ ದಾಟಿ ದೋಣಿ ಊರಿಗೆ ಹೋಗುತ್ತದೆ, ತಪ್ಪಿದರೆ ಅಮಾವಾಸ್ಯೆಯ ತನಕ ಹದಿನೈದು ದಿನ ಇಲ್ಲ. ಚಂಪಾ ಅಷ್ಟು ದಿನ ತಡೆಯಲಾರಳು. ಗಂಟಿನಲ್ಲಿ ಅವಳ ಬಾಣಂತನಕ್ಕೆಂದು ಅಂಟಿನುಂಡಿ, ಅಳವಿ, ಬಜೆ, ನನ್ನ ಹಳೆಯ ಹತ್ತಿ ಸೀರೆ ಹರಿದು ಮಾಡಿದ ಕೂಸಿನ ಬಟ್ಟೆ ಇವೆ. ಮಂಡಿ ಎರಡೂ ನೋಯುತ್ತಿವೆ, ನೋಯಲಿ.

ನನ್ನ ತಮ್ಮ ಚನ್ನವೀರ ನಿನ್ನೆ ಬಂದು ಬಾಗಿಲಿಗೆ ಅಡ್ಡ ನಿಂತ. “ಅಕ್ಕಾ, ಸುಮ್ಮನ ಮನ್ಯಾಗ ಕುಂಡ್ರು. ಹಲಗ್ಯಾಗ ಹೆಸರಿಲ್ಲಂದ್ರ ವಾಪಸ್ ಬರಬೇಕಾಗ್ತೈತಿ” ಎಂದ. “ಹೋಗೂ ಹಾದಿ ಅಷ್ಟ ಕೇಳೇನೋ ತಮ್ಮಾ, ಬರೂ ಹಾದಿ ಕೇಳಿಲ್ಲ” ಎಂದೆ. ಸಿಟ್ಟಿನಲ್ಲಿ ಹೋದ. ಸಂಜೆ ಅವನೇ ಬಂದು ನನ್ನ ಗಂಟಿಗೆ ಹೊಸ ಹಗ್ಗ ಬಿಗಿದುಕೊಟ್ಟ.

ಹಿಂದಂಚೆಯ ಗುಮಾಸ್ತ ಒಂದು ಮಾತು ಹೇಳಿದ. ಆಗಿದ್ದನ್ನು ಯಾವ ಕಾಗದವೂ ಬದಲಿಸುವುದಿಲ್ಲವಂತೆ. ಆದರೆ ಆಗಿದ್ದು ಏನು ಎನ್ನುವುದು ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನೀವು ಹೋಗಿ ಉಂಡಿದ್ದರೆ, ಈ ಕಾಗದ ಓದಿಯೇ ಉಂಡಿರಬಹುದಲ್ಲ? ಅವನಿಗೂ ಇದನ್ನೇ ಕೇಳಿದೆ, ತಲೆ ಕೆರೆದುಕೊಂಡು ಕಾಗದದ ಹಾಳೆ ಕೊಟ್ಟ.

ಇಲ್ಲಿಯವರೆಗೆ ಮರ್ಯಾದೆಯಿಂದ ನೀವು ಎಂದೆ. ಇನ್ನು ನೀನು ಎನ್ನುತ್ತೇನೆ. ಈ ಕಾಗದ ಕೈಗೆ ಬರುವಾಗ ನಿನಗೆ ನಲವತ್ತಮೂರು, ನಾನು ನಿನಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವಳು, ಬೈಯುವ ಹಕ್ಕು ನನಗಿದೆ. ನಾದಿನಿ ಬಂದರೆ ಬರಲಿ, ಕೀಲಿಕೈ ಕೊಟ್ಟು ಹೊರಡು. ದೋಣಿಗೆ ಅಂಜಿಕೆಯಾದರೆ ಕಣ್ಣು ಮುಚ್ಚಿಕೊಂಡು ಕೂಡು. ಮೀನು ಒಗ್ಗದಿದ್ದರೆ ಬೇಡ, ಗಂಜಿ ಕೊಡುತ್ತಾರೆ, ಜೊತೆಗೆ ಮಿಡಿ ಉಪ್ಪಿನಕಾಯಿ. ಅದೂ ಸೇರದಿದ್ದರೆ ಒಂದೇ ಒಂದು ಅಗುಳು ಬಾಯಿಗೆ ಹಾಕಿಕೋ. ಆ ತಾಯಿ ಮನೆತನ ಕೇಳಿದರೆ ಅರಿಷಿಣದವರು ಎಂದು ಗಟ್ಟಿಯಾಗಿ ಹೇಳು, ನಾಚಬೇಡ. ಅವರು ಅದನ್ನು ಆಳವಾಗಿ ಕೆತ್ತಲಿ.

ನಾನು ನನಗೆಂದು ಬುತ್ತಿ ಕಟ್ಟಿಕೊಂಡಿಲ್ಲ. ಜೀವಮಾನದಲ್ಲಿ ಇದೇ ಮೊದಲು. ದಾರಿಯ ಛತ್ರಗಳಲ್ಲಿ ಸಿಕ್ಕಿದ್ದು ತಿನ್ನುತ್ತೇನೆ, ಕೊನೆಯ ದಿನ ಏನೂ ತಿನ್ನುವುದಿಲ್ಲ. ಹಸಿದು ದಡಕ್ಕೆ ಹೋಗುತ್ತೇನೆ. ಜಟ್ಟಕ್ಕ ಹಲಗೆಯ ಮೇಲೆ ಬೆರಳಾಡಿಸುವಾಗ ನಾನು ದೋಣಿಯಲ್ಲೇ ಕೂತಿರುತ್ತೇನೆ. ಆ ಕಡೆ ಚಂಪಾ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾಳೆ. ನಡುವೆ ಹತ್ತು ಮಾರು ನೀರು.

ನನ್ನ ಗುರುವಾರಕ್ಕೆ ಇನ್ನು ಐದು ದಿನ. ಇದನ್ನು ಓದುವಾಗ ನಿನ್ನ ಗುರುವಾರವೂ ಇನ್ನೂ ಬಂದಿರುವುದಿಲ್ಲ. ರೊಟ್ಟಿ ಗಂಟು ಮನೆಯಲ್ಲೇ ಬಿಡು ಅಜ್ಜಿ, ಹಸಿದು ಹೋಗು.

ನಿನ್ನವಳು,
ನೀಲಗಂಗಾ