ಓಡದ ಅಜ್ಜಿ

ಮಾರ್ಚ್ ೧೪, ಗುರುವಾರ

ಕೋರ್ಸಿಗಾಗಿ ನಾನು ಮಾಡಿದ ವಿಡಿಯೊ ಗೇಮಿನ ಅಜ್ಜಿಗೆ ಮಂಡಿನೋವು. ಒಂದೊಂದು ಮಹಡಿಯಲ್ಲೂ ಕೂತು ಸುಧಾರಿಸಿಕೊಂಡೇ ಮೇಲೆ ಹತ್ತುತ್ತಾಳೆ. ಇವತ್ತು ತರಗತಿಯವರೆಲ್ಲ ಆಡಿ ನೋಡಿದರು. ಆಡುವವರಿಗೆ ಗೇಮ್ ಮಾಡಿದವರು ಏನೂ ಹೇಳಿಕೊಡಬಾರದೆಂಬುದು ನಿಯಮ. ಕೂತ ಅಜ್ಜಿಯನ್ನು ಓಡಿಸಲು ಎಲ್ಲರೂ ಬಟನ್ ಒತ್ತಿದ್ದೇ ಒತ್ತಿದ್ದು, ಅವಳು ಏಳಲಿಲ್ಲ.

“ನಿಮ್ಮಜ್ಜಿಗೆ ಓಡೋದು ಕಲಿಸಮ್ಮ, ಇಲ್ಲಾಂದ್ರೆ ಪಾಸ್ ಮಾಡಲ್ಲ,” ಅಂದರು ಮೇಷ್ಟ್ರು.

ಸಂಜೆ ಅಮ್ಮನಿಗೆ ಆಡಲು ಕೊಟ್ಟೆ. ಅವಳಿಗೂ ಏನೂ ಹೇಳಿಕೊಡಲಿಲ್ಲ. ಮೊದಲ ಮಹಡಿಯಲ್ಲೇ ಅಜ್ಜಿ ಕೂತಳು. ಅಮ್ಮ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು, “ಕೂತ್ಕೊಳ್ಳಲಿ ಪಾಪ, ನಮಗೇನು ಅವಸರ?” ಎಂದಳು.

ಮೇಷ್ಟ್ರು ಫೇಲ್ ಮಾಡುವುದಾದರೆ ಮಾಡಲಿ. ತರಗತಿಯವರು ಒತ್ತಿದ ಆ ಬಟನ್ನಿಗೂ ಈಗ ಒಂದು ಕೆಲಸ ಕೊಟ್ಟಿದ್ದೇನೆ. ಒತ್ತಿದರೆ ಅಜ್ಜಿ ತಿರುಗಿ, ಒತ್ತಿದವರನ್ನು ದುರುಗುಟ್ಟಿ ನೋಡಿ, ಮತ್ತೆ ಕೂತುಬಿಡುತ್ತಾಳೆ.