ಅರಳಿಕಟ್ಟೆಯಲ್ಲಿ ಒನ್ಸ್ ಮೋರ್

ಫೆಬ್ರವರಿ 3, ಸೋಮವಾರ. ಬೆಳಗ್ಗೆ 6.30

ಬನ್ನಿ ಮಹಾಜನಗಳೇ, ಮುಂದಿನವರು ಕೂತುಕೊಳ್ಳಿ, ಹಿಂದಿನವರು ಗದ್ದಲ ಬಿಡಿ, ಹೆಂಗಸರಿಗೆ ಎಡಗಡೆ ಜಾಗ ಮಾಡಿಕೊಡಿ. ಕೊಡಿಗೇಹಳ್ಳಿಯ ಅನಂತರಾಜು, ಊರ ನಾಟಕಗಳಲ್ಲಿ ಮೂವತ್ತು ವರ್ಷ ರಾಜಪಾರ್ಟು ಮಾಡಿದ ಕಂಠ, ತಮ್ಮ ಮುಂದೆ ನಿಂತಿದ್ದಾನೆ...

ಮುಂದೆ ಯಾರೂ ಇಲ್ಲ. ಡೈರಿ, ಲ್ಯಾಪ್‌ಟಾಪ್, ತಣ್ಣಗಾದ ಕಾಫಿ. ಆದರೂ ಸಭೆಗೆ ಕೈಮುಗಿಯದೆ ನನಗೆ ಒಂದು ಸಾಲೂ ಹೊರಡುವುದಿಲ್ಲ.

ಎಂದಿನಂತೆ ಕನ್ನಡ ವಿಕಿ ತೆರೆದೆ. ಯಾರು ಬೇಕಾದರೂ ಬರೆಯಬಹುದಾದ, ಬರೆದವರಿಗೆ ಸಂಬಳವಿಲ್ಲದ ವಿಶ್ವಕೋಶ. ಹಿಂದಿನ ದಿನ ಯಾರು ಏನು ಬದಲಾಯಿಸಿದರು ಎಂದು ತೋರಿಸುವ ಪುಟವೊಂದಿದೆ. ಪೇಪರಿಗಿಂತ ಮೊದಲು ಅದನ್ನು ಓದುತ್ತೇನೆ. ಮೇಲಿನಿಂದ ಕೆಳಗೆ ಒಂದೇ ಹೆಸರು. ಸ್ಮಿತಾ. ಸ್ಮಿತಾ. ಸ್ಮಿತಾ.

ರಾಣೆಬೆನ್ನೂರು ಕಡೆಯವಳು. ಮತ್ತಿಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ. ಎರಡು ವರ್ಷದ ಹಿಂದೆ ಸಹಕಾರನಗರದಲ್ಲಿ ಶಿಬಿರ ನಡೆದಾಗ ಆಕೆಗೆ ಖಾತೆ ತೆರೆದುಕೊಟ್ಟವರು ಯಾರು? ಬರೆದ ಮಾತಿಗೆ ಆಧಾರ ಸೇರಿಸುವುದು ಹೇಗೆಂದು ತೋರಿಸಿದವರು ಯಾರು? ಇದೇ ಕೈ.

ಈಗ ಹೊಂಗೆ, ಅತ್ತಿ, ಹುಣಸೆ — ಮರಕ್ಕೊಂದು ಲೇಖನ. ಹೊಂಗೆಯದನ್ನು ಪೂರ್ತಿ ಓದಿದೆ, ತಪ್ಪು ಹುಡುಕಲು. ಸಿಗಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಫೆ. 4, ಮಧ್ಯಾಹ್ನ

ಸಿಡಿಲು. ಅರಳಿಕಟ್ಟೆಯಲ್ಲಿ, ಅಂದರೆ ನಾವು ವಿಕಿಯವರು ಸೇರಿ ಚರ್ಚಿಸುವ ಪುಟದಲ್ಲಿ, ಯಾರೋ ಆಕೆಯನ್ನು ನಿರ್ವಾಹಕಿ ಮಾಡೋಣ ಎಂದಿದ್ದಾರೆ. ನಿರ್ವಾಹಕರೆಂದರೆ ಕಾವಲುಗಾರರು. ಕೆಟ್ಟ ಪುಟ ಅಳಿಸಬಹುದು, ಕಿಡಿಗೇಡಿಗಳ ಖಾತೆ ನಿಲ್ಲಿಸಬಹುದು. ಊಟದ ಹೊತ್ತಿಗೆ ಹತ್ತು ಜನ ಕೆಳಗೆ "ಸಮ್ಮತಿ" ಎಂದು ಬರೆದಾಗಿತ್ತು.

ಎಂಟು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಹೆಸರು ಯಾರ ಬಾಯಲ್ಲೂ ಬಂದಿಲ್ಲ.

ರಾಧಾಮಣಿಗೆ ಹೇಳಿಕೊಂಡೆ. ಹೆಂಡತಿ, ಸ್ವಲ್ಪ ಕರಗಿಯಾಳು ಅಂತ. ಅವರೆಕಾಯಿ ಸುಲಿಯುತ್ತಾ ಅಂದಳು, "ಮನೇಲಿ ನಿಮ್ ಕನ್ನಡಕ ಎಲ್ಲಿದೆ ಅಂತ ನಿಮಗೇ ಗೊತ್ತಿರಲ್ಲ. ಲೋಕಕ್ಕೆಲ್ಲ ಮಾಹಿತಿ ಕೊಡ್ತೀರಿ. ಈಗ ಕಾವಲು ಬೇರೆ ಕಾಯ್ಬೇಕಾ?"

ಕಾಯಬೇಕು.

ಫೆ. 5, ಬುಧವಾರ

ನನ್ನ ಹೆಸರನ್ನು ನಾನೇ ಸೂಚಿಸಿದೆ. ಇಬ್ಬರೂ ನಿರ್ವಾಹಕರಾಗಬಹುದು, ಒಬ್ಬರೇ ಎಂಬ ನಿಯಮವಿಲ್ಲ. ಗೊತ್ತು. ಆದರೆ ಒಂದೇ ರಂಗದಲ್ಲಿ ಎರಡು ರಾಜಪಾರ್ಟು ನಿಂತರೆ ಜನ ಯಾರನ್ನು ನೋಡಬೇಕು?

ಸಂಜೆಗೆ ಮೂರು ಸಮ್ಮತಿ. ಮೊದಲನೆಯದು ಸ್ಮಿತಾಳದು. "ನನಗೆ ಇಲ್ಲಿ ಬರೆಯಲು ಕಲಿಸಿದ ಗುರುಗಳು" ಎಂದು ಬೇರೆ ಸೇರಿಸಿದ್ದಾಳೆ. ಓದಿ ಕಿವಿ ಬಿಸಿಯಾಯಿತು. ಉಳಿದವರು ಸಮ್ಮತಿಯ ಬದಲು ಸಲಹೆ ಬರೆದಿದ್ದಾರೆ: ಇವರ ಲೇಖನಗಳಲ್ಲಿ ವರ್ಣನೆ ಜಾಸ್ತಿ, ಆಧಾರ ಕಡಿಮೆ. ಹೆಬ್ಬಾಳದ ಕೆರೆಯನ್ನು ನಾನು "ಸಾಗರವನ್ನೇ ನಾಚಿಸುವ" ಎಂದದ್ದನ್ನು ಉದಾಹರಣೆಗೆ ಎತ್ತಿದ್ದಾರೆ. ಮಳೆಗಾಲದಲ್ಲಿ ನೋಡಿದ್ದಾರೇನು ಇವರು?

ಫೆ. 9, ಭಾನುವಾರ. ಸಂಜೆ

ಶಿವರಾತ್ರಿ ನಾಟಕದ ಪ್ರಾಕ್ಟೀಸು ನಮ್ಮ ಮನೆ ಹಾಲಿನಲ್ಲೇ. ಏರ್ ಶೋ ವಿಮಾನಗಳಿಗೆ ಹದ್ದು ಅಡ್ಡ ಬರಬಾರದು ಅಂತ ಮಾಂಸದಂಗಡಿ ಮುಚ್ಚಿಸಿದ್ದಾರೆ, ಎಲ್ಲರಿಗೂ ಅವರೆಕಾಳು ಸಾರು, ಮುದ್ದೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ಪಾರ್ಟುದಾರ ತನ್ನ ಜನವನ್ನು ತಾನೇ ಕರೆತರಬೇಕು. ಹಾಡು ಮುಗಿದ ಕೂಡಲೇ ಅವರು ಒನ್ಸ್ ಮೋರ್ ಕೂಗಬೇಕು. ಕೂಗುವವರಿಲ್ಲದಿದ್ದರೆ ಎಂಥ ರಾಜನೂ ಸಪ್ಪೆ. ಇದರಲ್ಲಿ ಮುಚ್ಚುಮರೆಯಿಲ್ಲ, ನಾಚಿಕೆಯೂ ಇಲ್ಲ. ಊಟವಾದ ಮೇಲೆ ಹೊಳೆಯಿತು — ಅರಳಿಕಟ್ಟೆಗೂ ನನ್ನ ಜನ ಬೇಡವೇ?

ಪ್ರಾಕ್ಟೀಸಿಗೆ ಬಂದಿದ್ದ ಎಂಟು ಜನಕ್ಕೂ ಅವರವರ ಫೋನಿನಲ್ಲಿ, ಅವರವರ ಹೆಸರಿನಲ್ಲೇ ಖಾತೆ ತೆರೆಸಿದೆ. ಕೆಂಪಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ನಮ್ಮಲ್ಲಿ ಮಂತ್ರಿ ಪಾರ್ಟು ಮಾಡುವ ಬ್ಯಾಟರಾಯಪ್ಪ ಮೊದಲು ಕೂತ. ಏನು ಬರೆಯಬೇಕೋ ಹೇಳಿ ಅಂದ. ಪಾರ್ಟು ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ: "ಜ್ಞಾನದಲ್ಲಿ ಧೀರ, ಸೇವೆಯಲ್ಲಿ ಶೂರ, ಅನಂತರಾಜು ಅವರಿಗೇ ನನ್ನ ಸಮ್ಮತಿ." ಎಲ್ಲರೂ ಅಕ್ಷರ ಬಿಡದೆ ಬರೆದರು. ಮೈಕ್ ಸೆಟ್ಟಿನ ಮುಜಫ್ಫರ್ ಮಾತ್ರ ತಲೆ ಕೆರೆದುಕೊಂಡ.

"ಅಣ್ಣಾ, ಎಲ್ರೂ ಒಂದೇ ಡೈಲಾಗ್ ಹೇಳಿದ್ರೆ ಚೆನ್ನಾಗಿರುತ್ತಾ?"

ಇದು ಮೇಳ ಕಣಯ್ಯ, ಮೇಳದಲ್ಲಿ ಎಲ್ಲರದೂ ಒಂದೇ ದನಿ ಎಂದೆ. ಹನ್ನೊಂದು ಸಮ್ಮತಿ. ಎದೆ ತುಂಬಿತು.

ಫೆ. 10, ಸೋಮವಾರ

ತಲೆಯ ಮೇಲೆ ವಿಮಾನಗಳು. ಕಿಟಕಿ ಗಾಜು ನಡುಗುತ್ತಿದೆ.

ಮೈಸೂರಿನ ನಿರ್ವಾಹಕರೊಬ್ಬರು ಬರೆದಿದ್ದಾರೆ, ಬಹಳ ಮರ್ಯಾದೆಯಿಂದ. ಒಂದೇ ಮಧ್ಯಾಹ್ನ ಹುಟ್ಟಿದ ಎಂಟು ಖಾತೆಗಳು, ಎಂಟರಲ್ಲೂ ಒಂದೇ ವಾಕ್ಯ. ಹೊಸ ಖಾತೆಯ ಮತ ಹೇಗೂ ಲೆಕ್ಕಕ್ಕಿಲ್ಲವಂತೆ. ಅದಕ್ಕಿಂತ ಮುಖ್ಯ, ಒಬ್ಬನೇ ಎಂಟು ಹೆಸರಿನಲ್ಲಿ ಬಂದಿರುವ ಅನುಮಾನವಿದೆ. ಅಂಥ ಖಾತೆಗೆ ಇಲ್ಲಿ ಕೈಗೊಂಬೆ ಎನ್ನುತ್ತಾರೆ. ನನ್ನ ಉಮೇದುವಾರಿಕೆ ರದ್ದು. ಶನಿವಾರದೊಳಗೆ ವಿವರಣೆ ಕೊಡದಿದ್ದರೆ ನನ್ನ ಖಾತೆಯೇ ಬಂದ್.

ಎಂಟು ವರ್ಷದ ಬರಹ. ನಾನು ಮೋಸಗಾರ.

ಉತ್ತರ ಬರೆದೆ. ಗುಡುಗಿದೆ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಬಾಯಲ್ಲಾದರೆ ಹೇಳಿಬಿಡುತ್ತಿದ್ದೆ.

ಆಕೆಗೆ ಸಮ್ಮತಿ ಏರುತ್ತಲೇ ಇದೆ.

ಫೆ. 14, ಶುಕ್ರವಾರ

ನಾಲ್ಕು ದಿನ ವಿಕಿ ಮುಟ್ಟಲಿಲ್ಲ. ಫೋನಿನಲ್ಲಿ ಇಣುಕಿದ್ದು ಲೆಕ್ಕಕ್ಕಿಲ್ಲ.

ಇವತ್ತು ಅರಳಿಕಟ್ಟೆಯಲ್ಲಿ ಸ್ಮಿತಾ ಬರೆದದ್ದು, ಇದ್ದ ಹಾಗೆ: "ಇವು ಕೈಗೊಂಬೆಗಳಲ್ಲ. ಹೋದ ವರ್ಷ ಕೊಡಿಗೇಹಳ್ಳಿಯ ನಾಟಕದಲ್ಲಿ ಈ ಎಂಟೂ ಜನರನ್ನು ಕಂಡಿದ್ದೇನೆ. ಒಬ್ಬರು ಹಲವರಾಗಿ ಬಂದದ್ದಲ್ಲ, ಒಬ್ಬರಿಗಾಗಿ ಹಲವರು ಬಂದದ್ದು. ಇಲ್ಲಿನ ನಿಯಮಕ್ಕೆ ಅದು ತಪ್ಪು. ಮೋಸ ಅಲ್ಲ."

ಮೈಸೂರಿನವರು ಒಪ್ಪಿದರು. ಎಚ್ಚರಿಕೆ ಕೊಟ್ಟು ಬಿಟ್ಟರು. ಖಾತೆ ಉಳಿಯಿತು.

ಸಂತೋಷವಾಗಬೇಕು. ಆಗುತ್ತಿಲ್ಲ. ನನ್ನ ಪರ ವಾದಿಸಲು ನನಗೆ ಬಾರದ ಮಾತು ಆಕೆಗೆ ಬಂತು. ಅದೂ ವರ್ಣನೆಯಿಲ್ಲದೆ.

ಮಧ್ಯಾಹ್ನ ಫೋನ್ ಮಾಡಿದಳು. "ಸರ್, ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಬರಿಯೋದು ನಿಲ್ಲಸಬ್ಯಾಡ್ರಿ."

ಥ್ಯಾಂಕ್ಸ್ ಹೇಳಬೇಕಿತ್ತು. ನಾನು ಕೇಳಿದ್ದು, "ನಾಟಕಕ್ಕೆ ಬಂದಿದ್ದೆ ಅಂತ ಹೇಳಲೇ ಇಲ್ವಲ್ಲಮ್ಮ?"

"ಅರ್ಧಕ್ಕ ಎದ್ದು ಹೋದ್ನಿರಿ ಸರ್, ಮಗಳು ಅಳಾಕ ಹತ್ತಿದ್ಲು. ನಿಮ್ಮ ಪ್ರವೇಶ ಆಮ್ಯಾಲಿತ್ತಂತ."

ಎಂಟೂ ಜನರನ್ನು ನೋಡಿದ್ದಾಳೆ. ಮೈಕ್ ಸೆಟ್ಟಿನವನನ್ನೂ. ನನ್ನನ್ನು ನೋಡಿಲ್ಲ.

ಫೆ. 15, ಶನಿವಾರ. ಬೆಳಗ್ಗೆ 11

ಬದಲಾವಣೆಗಳ ಪುಟ ತೆರೆದೆ. ಸ್ಮಿತಾ. ಮುಜಫ್ಫರ್. ಬ್ಯಾಟರಾಯಪ್ಪ. ಬ್ಯಾಟರಾಯಪ್ಪ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ.

ಮುಜಫ್ಫರ್ ತನ್ನ ತಂದೆಯ ಕಾಲದ ಕಹಳೆ ಸ್ಪೀಕರುಗಳ ಫೋಟೊ ಏರಿಸಿದ್ದಾನೆ. ಬ್ಯಾಟರಾಯಪ್ಪ ತಮ್ಮೂರ ಕೆರೆಯ ಮೇಲೆ ಲೇಖನ ಶುರು ಮಾಡಿದ್ದಾನೆ. ಅನುಮಾನಗಳನ್ನೆಲ್ಲ ಸ್ಮಿತಾಳ ಚರ್ಚಾಪುಟದಲ್ಲಿ ಕೇಳಿದ್ದಾನೆ. ನನ್ನ ಪುಟದಲ್ಲಿ ಒಂದೂ ಇಲ್ಲ. ಎಂಟು ಜನರಲ್ಲಿ ಆರು ಮಂದಿ ಬರೆಯುತ್ತಲೇ ಇದ್ದಾರೆ. ಕೂಗಲು ಕರೆತಂದ ಜನ ರಂಗ ಹತ್ತಿಬಿಟ್ಟಿದ್ದಾರೆ.

ಸ್ಕೂಟರ್ ಹತ್ತಿ ಕೆಂಪಾಪುರಕ್ಕೆ ಹೋದೆ. ಬ್ಯಾಟರಾಯಪ್ಪ ಪಿವಿಸಿ ಪೈಪುಗಳ ನಡುವೆ ಕೂತು ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದ.

"ನನ್ನ ಕೇಳಬಾರದಿತ್ತೇನಯ್ಯಾ?"

ತಲೆ ಎತ್ತಲಿಲ್ಲ. "ನೀವು ಬಯ್ತೀರಣ್ಣ. ಆಯಮ್ಮ ಇಂಗ್ ಮಾಡಿ ಅಂತ ಒಂದ್ಸಲ ಏಳ್ತದೆ, ಸುಮ್ಕಾಗ್ತದೆ. ನಾಳೆ ಸಹಕಾರನಗರದ ಪಾರ್ಕ್‌ನಾಗೆ ಕಲಿಸ್ತದಂತೆ. ನೀವೂ ಬನ್ನಿ."

ನೀವೂ ಬನ್ನಿ. ನನಗೆ.

ಅದೇ ದಿನ, ಸಂಜೆ 7

ನಾಳೆ ಮಧ್ಯಾಹ್ನಕ್ಕೆ ಆಕೆಯ ಮತದಾನ ಮುಗಿಯುತ್ತದೆ. ನಾನಿನ್ನೂ ಸಹಿ ಹಾಕಿಲ್ಲ. ನನ್ನ ಸಮ್ಮತಿಯಿಲ್ಲದೆಯೂ ಗೆಲ್ಲುತ್ತಾಳೆ. ಕೈ ಬಾರದಿರುವುದು ಅದಕ್ಕೇ. ಬೇಕಾಗಿದ್ದರೆ ಎಂದೋ ಕೊಟ್ಟುಬಿಡುತ್ತಿದ್ದೆ, ಸಭೆ ಕರೆದು, ಗಟ್ಟಿಯಾಗಿ.

ಬ್ಯಾಟರಾಯಪ್ಪನ ಕೆರೆ ಓದಿದೆ. ತೂಬು ಎಲ್ಲಿತ್ತು, ಯಾರ ಗದ್ದೆಗೆ ಮೊದಲು ನೀರು ಬಿಡುತ್ತಿದ್ದರು, ಕೋಡಿ ಬಿದ್ದಾಗ ಹೆಂಗಸರು ಎಲ್ಲಿ ಪೂಜೆ ಮಾಡುತ್ತಿದ್ದರು — ಎಲ್ಲ ಇದೆ. ಈಗ ಅದರ ಅರ್ಧ ಅಪಾರ್ಟ್‌ಮೆಂಟು. ಇದನ್ನು ಇದುವರೆಗೆ ಯಾರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ನನಗೆ ಸಾಗರ ನಾಚಿಸುವುದೇ ಕೆಲಸವಾಗಿತ್ತು.

ಆದರೆ ಒಂದೂ ಆಧಾರವಿಲ್ಲ. ಸಾಲದ್ದಕ್ಕೆ ಕೆರೆ ಕಟ್ಟಿಸಿದ್ದು ತಮ್ಮ ಮುತ್ತಾತ ಎಂದು ಬರೆದುಕೊಂಡಿದ್ದಾನೆ. ಸ್ಮಿತಾ ಬೆಳಗ್ಗೆ ನೋಡಿಯೇ ನೋಡುತ್ತಾಳೆ. ಮೆಲ್ಲಗೆ ತಿದ್ದುತ್ತಾಳೆ. ಅವನು ಪೂರ್ತಿ ಅವಳ ಕಡೆ.

ಆ ಕೆರೆಯ ವಿವರ ಇರುವ ಹಳೆಯ ತಾಲ್ಲೂಕು ಕೈಪಿಡಿ ನನ್ನ ಬೀರುವಿನಲ್ಲಿದೆ. ಆಕೆಯ ಹತ್ತಿರ ಇಲ್ಲ.

ಸಭಿಕರೇ, ಕೇಳಿ. ನಾಳೆ ಬೆಳಗ್ಗೆ ಆಕೆ ಏಳುವ ಮುಂಚೆ ಏಳುತ್ತೇನೆ. ಮುತ್ತಾತನನ್ನು ಬ್ಯಾಟರಾಯಪ್ಪನಿಗೆ ನೋವಾಗದ ಹಾಗೆ ಕೆಳಗಿಳಿಸಿ, ಕೆರೆಗೆ ಆಧಾರ ಕೂರಿಸುತ್ತೇನೆ. ಆಮೇಲೆ ಅರಳಿಕಟ್ಟೆಗೆ ಹೋಗಿ ಸ್ಮಿತಾಳ ಹೆಸರಿನ ಕೆಳಗೆ ಸಮ್ಮತಿ — ಒಂದೇ ಪದ, ವಿಶೇಷಣವಿಲ್ಲ. ಆಮೇಲೆ ಪಾರ್ಕು. ಎಲ್ಲರಿಗಿಂತ ಮೊದಲೇ ಹೋಗಿ, ಬ್ಯಾಟರಾಯಪ್ಪ ಬಂದರೆ ನನ್ನ ಪಕ್ಕಕ್ಕೇ ಕೂತುಕೊಳ್ಳುವ ಹಾಗೆ, ಕಲ್ಲುಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಗೆ ನನ್ನ ಟವೆಲು, ನಡುವೆ ಒಬ್ಬರಿಗೆ ಮಾತ್ರ ಜಾಗ ಬಿಟ್ಟು ಕಾಯುತ್ತೇನೆ.