ಗಡಿಯಾರ ನೋಡಿಕೊಂಡು ಒಂದು ನಿಮಿಷ

ಮಾರ್ಚ್ 4, ಸೋಮವಾರ

ಮತ್ತೆ ತರಬೇತಿ. ಎಂಟು ಜನ ಎಂಡೋಸ್ಕೋಪಿ ಡಾಕ್ಟರರು, ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳ, ಅಂದರೆ ಪಾಲಿಪ್‌ಗಳ, ಇಪ್ಪತ್ತು ಫೋಟೊ. ಹನ್ನೊಂದನೆಯದಕ್ಕೆ ಆರು ಜನ "ಸಾಧಾರಣದ್ದು, ಚೂರು ಚೂರಾಗಿ ತೆಗೀಬಹುದು" ಅಂದರು. ಅದು ಕ್ಯಾನ್ಸರ್! ನಡುವಿನ ತಗ್ಗು ಅವರ ಕಣ್ಣಿಗೇ ಬಿದ್ದಿಲ್ಲ. ಮೈ ಉರಿಯಿತು. ತೆಗೆದ ತುಂಡು ಪರೀಕ್ಷಿಸುವ ಪೆಥಾಲಜಿಸ್ಟ್ ದಿನಾ ಗೋಳಾಡುವುದು ಇದಕ್ಕೇ: "ಪುಡಿ ಮಾಡಿ ಕಳಿಸ್ತೀರಿ. ಎಷ್ಟು ಆಳಕ್ಕಿಳಿದಿದೆ ಅಂತ ನಾನೇನು ಕಣಿ ಹೇಳ್ಲಾ?"

ನನ್ನ ಕಟ್ಟಪ್ಪಣೆ ಮತ್ತೆ ಹೇಳಿದೆ. ಮೊದಲು ಪಾಲಿಪ್ ಮೇಲಿನ ಲೋಳೆ ತೊಳೀರಿ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಬರೀ ನೋಡಿ. ಅಲ್ಲಿಯವರೆಗೆ ಕತ್ತರಿಸುವ ತಂತಿ ನರ್ಸ್ ಕೈಯಲ್ಲೇ ಇರಲಿ. ಹಿಂದಿನ ಬೆಂಚಿನ ಹೊಸ ಡಾಕ್ಟರ್ ಮಾತ್ರ ಬರೆದುಕೊಂಡಳು. ಬಾಯೇ ಬಿಡುವುದಿಲ್ಲ. ಮೌನಗೌರಿ ಅಂತ ಹೆಸರಿಟ್ಟಿದ್ದೇನೆ.

ಮಾರ್ಚ್ 12

ನಾಳೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿಕೊಳ್ಳಲು ಭಾವನ ಸರದಿ. ಮಲದಲ್ಲಿ ರಕ್ತ ಅಂತ ಅಕ್ಕ ಎಳೆದುಕೊಂಡು ಬಂದಿದ್ದಾಳೆ. "ನೀನಿದ್ದೀಯಲ್ಲ, ನಂಗೇನು ಭಯ?" ಅಂತಾಳೆ. ಸ್ವಂತದವರನ್ನು ನಾನು ಮುಟ್ಟುವಂತಿಲ್ಲ. ಮೌನಗೌರಿ ಮಾಡುತ್ತಾಳೆ, ನಾನು ಹಿಂದೆ ನಿಲ್ಲುತ್ತೇನೆ. ಭಾವನಿಗೆ ಕರುಳು ಖಾಲಿ ಮಾಡಲು ಕೊಟ್ಟ ಭೇದಿ ಔಷಧಿಯ ಮೇಲೇ ಸಿಟ್ಟು: "ನಾದಿನಿ ಸೇಡು ತೀರಿಸ್ಕೊಳ್ತಿದಾಳೆ!"

ಮಾರ್ಚ್ 13, ಮಧ್ಯಾಹ್ನ 2

ಬರೆಯಲೂ ನಾಚಿಕೆ. ಪರದೆಯ ಮೇಲೆ ಪಾಲಿಪ್ — ಮೂರು ಸೆಂಟಿಮೀಟರ್, ನುಣುಪು. ಹೋದ ಜೀವ ಬಂದಂತಾಯಿತು. "ಸಾಧಾರಣದ್ದೇ. ಚೂರು ಮಾಡಿ ತೆಗೆದುಬಿಡು" ಅಂದೆ. ನರ್ಸಮ್ಮ ತಂತಿ ಮುಂದೆ ಹಿಡಿದರು. ಮೌನಗೌರಿ ಕೈ ಚಾಚಲಿಲ್ಲ.

"ಮೇಡಂ, ಇನ್ನೂ ತೊಳೆದಿಲ್ಲ."

"ನಾನು ನೋಡಿದೆನಲ್ಲ!"

"ಒಂದು ನಿಮಿಷ ಅಂತ ನೀವೇ ಹೇಳ್ಕೊಟ್ಟಿದ್ದು."

ತೊಳೆದಳು. ಲೋಳೆ ಹೋಯಿತು. ನಲವತ್ತನೇ ಸೆಕೆಂಡಿಗೆ ಕಂಡಿತು... ನಡುವೆ ಕಡಲೆಕಾಳಿನಷ್ಟು ತಗ್ಗು. ಅಲ್ಲಿ ಮಾತ್ರ ಮೇಲ್ಮೈಯ ಗೆರೆಗಳು ಅಡ್ಡಾದಿಡ್ಡಿ. ಅದೇ ಹನ್ನೊಂದನೇ ಫೋಟೊ!

"ಮುಟ್ಟಬೇಡ" ಅಂದೆ.

"ಮುಟ್ಟಿಲ್ಲ ಮೇಡಂ."

ಇಡಿಯಾಗಿ ಬಿಡಿಸಿ ತೆಗೆಯುವ ತಜ್ಞರ ಹತ್ತಿರ ಕಳಿಸಿದೆವು.

ಮಾರ್ಚ್ 27

ಒಂದೇ ತುಂಡಾಗಿ ಬಂತಂತೆ. ಇನ್ನು ರಿಪೋರ್ಟ್. ಅಕ್ಕನ ಫೋನ್ ಮೂರು ಸಲ.

ಏಪ್ರಿಲ್ 3, ಸಂಜೆ 5

ಪೆಥಾಲಜಿಸ್ಟ್ ತಾನೇ ಮೆಟ್ಟಿಲು ಹತ್ತಿ ಬಂದ. "ಕ್ಯಾನ್ಸರೇ. ಆದ್ರೆ ಆಳಕ್ಕಿಳಿದಿಲ್ಲ, ಅಂಚಲ್ಲೆಲ್ಲೂ ಇಲ್ಲ. ಆಪರೇಷನ್ ಬೇಡ. ಇಡೀ ತುಂಡು ಸಿಕ್ತಲ್ಲ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ."

ಹಾಲು ಕುಡಿದಷ್ಟು ಸಂತೋಷ. ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಸೋಮವಾರದ ತರಗತಿಗೆ ಇಪ್ಪತ್ತೊಂದನೇ ಫೋಟೊ ಸೇರಿಸಿದೆ. ಕೆಳಗೆ ಬರೆದದ್ದು: ಅವಸರದಲ್ಲಿ ತಪ್ಪು ಹೇಳಿದವರು — ತರಬೇತಿ ಕೊಡುವವರು. ಪಾಠ ಮೌನಗೌರಿಯದು. ಹಿಂದಿನ ಬೆಂಚು ನನ್ನದು.

ಫೋನ್ ಹೊಡೆದುಕೊಳ್ಳುತ್ತಿದೆ. ಅಕ್ಕ. ಇವಳನ್ನು ಮಾತ್ರ ಒಂದು ನಿಮಿಷವೂ ಕಾಯಿಸ—